ಮಗಳು ಕಂಪ್ಯೂಟರ್ ಓದಬೇಕು ಅಂತಾಳೆ



ಕಂಪ್ಯೂಟರ್ ಈಗ ನಮಗೆ ಹೊಸದಲ್ಲ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುತ್ತೇವೆ. ಆಮೇಲೆ ಅಕ್ಕಿ ಸಿಗುತ್ತದೆ. ಹೊಲದ ಪಹಣಿ ಕಂಪ್ಯೂಟರಿನಿಂದ ಬರುತ್ತದೆ. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಲೆಕ್ಕವನ್ನು ಕಂಪ್ಯೂಟರೇ ಅಚ್ಚು ಹಾಕುತ್ತದೆ.

ಆದರೆ ಈ ಯಂತ್ರ ತಾನಾಗಿ ಏನೂ ಮಾಡುವುದಿಲ್ಲ. ಹೀಗೆ ಮಾಡು, ಹಾಗೆ ಮಾಡು ಅಂತ ಯಾರಾದರೂ ಅದಕ್ಕೆ ಹೇಳಿಕೊಡಬೇಕು. ಹಾಗೆ ಹೇಳಿಕೊಡುವ ವಿದ್ಯೆಯೇ ಕಂಪ್ಯೂಟರ್ ಸೈನ್ಸ್.

ನಮ್ಮ ಹೆಣ್ಣುಮಕ್ಕಳೂ ಈಗ ಕೇಳುತ್ತಾರೆ. "ಅವ್ವ, ನಾನು ಕಂಪ್ಯೂಟರ್ ಸೈನ್ಸ್ ಓದಲಾ?"

ನಾವು ಏನು ಹೇಳುತ್ತೇವೆ? "ನಂಗೇನು ಗೊತ್ತವ್ವಾ, ನಿಮ್ಮಪ್ಪನ್ನ ಕೇಳು" ಅಂತೀವಿ.

ಇನ್ನು ಹಾಗೆ ಹೇಳುವುದು ಬೇಡ. ನಾವು ಅಕ್ಷರ ಕಲಿತಿದ್ದೇವೆ. ಮಕ್ಕಳಿಗೆ ಸೀಟು ತಪ್ಪುವುದು ಯಾವಾಗಲೂ ಬುದ್ಧಿ ಸಾಲದೆ ಅಲ್ಲ. ಎಷ್ಟೋ ಸಲ ಒಂದು ಕಾಗದ ಇಲ್ಲದೆ ತಪ್ಪುತ್ತದೆ. ಒಂದು ತಾರೀಖು ಮರೆತು ತಪ್ಪುತ್ತದೆ. ಕಾಗದ ಓದುವುದು, ತಾರೀಖು ನೋಡುವುದು ಈಗ ನಮಗೂ ಬರುತ್ತದೆ. ಹಾಗಾದರೆ ಈ ದಾರಿ ಹೇಗಿದೆ, ತಿಳಿಯೋಣ.

ಹೆಣ್ಣುಮಕ್ಕಳಿಗೆ ಇದು ಆಗುತ್ತದಾ?

ಆಗುತ್ತದೆ. ಒಂದು ಹಳೆಯ ಸಂಗತಿ ಕೇಳಿ. ಅಮೆರಿಕದಲ್ಲಿ 1946ರಲ್ಲಿ ಒಂದು ದೊಡ್ಡ ಕಂಪ್ಯೂಟರನ್ನು ಜನರಿಗೆ ತೋರಿಸಿದರು. ಅದರ ಹೆಸರು ಎನಿಯಾಕ್. ಅದು ಒಂದು ದೊಡ್ಡ ಕೋಣೆಯ ತುಂಬ ಇತ್ತು. ಅದಕ್ಕೆ ಲೆಕ್ಕ ಮಾಡುವ ಕ್ರಮವನ್ನು ಹೇಳಿಕೊಟ್ಟವರು ಯಾರು? 6 ಜನ ಹೆಂಗಸರು. ಆಗ ಅವರ ಹೆಸರನ್ನು ಯಾರೂ ಹೇಳಲಿಲ್ಲ. ಹಲವು ವರ್ಷ ಕಳೆದ ಮೇಲೆ ಲೋಕಕ್ಕೆ ಗೊತ್ತಾಯಿತು.

ಈ ಓದಿಗೆ ತೋಳಿನ ಬಲ ಬೇಡ. ಗಣಿತ ಬೇಕು. ತಾಳ್ಮೆ ಬೇಕು. ಒಂದು ಕೆಲಸವನ್ನು ಮೊದಲು ಯಾವುದು, ಆಮೇಲೆ ಯಾವುದು ಅಂತ ಜೋಡಿಸುವ ಜಾಣತನ ಬೇಕು. ಒಲೆಯ ಮೇಲೆ ಸಾರು, ತೊಟ್ಟಿಲಲ್ಲಿ ಮಗು, ಕೊಟ್ಟಿಗೆಯಲ್ಲಿ ಹಸು. ಮೂರನ್ನೂ ಒಟ್ಟಿಗೆ ನೋಡಿಕೊಳ್ಳುವವರು ನಾವು. ಜೋಡಿಸುವ ಜಾಣತನ ನಮ್ಮ ಮಕ್ಕಳಿಗೆ ಇಲ್ಲ ಅಂತ ಯಾರು ಹೇಳಿದರು?

ದಾರಿ ಎಲ್ಲಿ ಶುರುವಾಗುತ್ತದೆ?

ಅರ್ಜಿ ಹಾಕುವುದು ಪಿಯುಸಿ ಎರಡನೇ ವರ್ಷದಲ್ಲಿ. ಆದರೆ ದಾರಿ ಶುರುವಾಗುವುದು ಅದಕ್ಕಿಂತ ಮೊದಲೇ. ಎಸ್ಸೆಸ್ಸೆಲ್ಸಿ ಪಾಸಾದ ಕೂಡಲೇ ಶುರು.

ಆಗ ಪಿಯು ಕಾಲೇಜಿನಲ್ಲಿ ಕೇಳುತ್ತಾರೆ, ಯಾವ ವಿಭಾಗ ಬೇಕು ಅಂತ. ಕಲಾ, ವಾಣಿಜ್ಯ, ವಿಜ್ಞಾನ ಎಂಬ ಮೂರು ವಿಭಾಗಗಳಿವೆ. ಇಂಜಿನಿಯರಿಂಗ್ ಕಾಲೇಜಿಗೆ ಹೋಗಬೇಕಾದರೆ ವಿಜ್ಞಾನ ತೆಗೆದುಕೊಳ್ಳಬೇಕು. ಅದರಲ್ಲಿ ಭೌತಶಾಸ್ತ್ರ ಮತ್ತು ಗಣಿತ ಇರಲೇಬೇಕು. ಹೆಚ್ಚಿನ ಮಕ್ಕಳು ಇವುಗಳ ಜೊತೆಗೆ ರಸಾಯನಶಾಸ್ತ್ರ ಓದುತ್ತಾರೆ.

ಪಿಯುಸಿಯಲ್ಲೇ ಕಂಪ್ಯೂಟರ್ ವಿಷಯ ಓದಿರಬೇಕಾ? ಬೇಕೇ ಬೇಕು ಅಂತ ಇಲ್ಲ. ಅದರ ಬದಲು ಜೀವಶಾಸ್ತ್ರ ಓದಿದವರೂ ಅರ್ಜಿ ಹಾಕಬಹುದು. ಆದರೆ ಗಣಿತ ಬಿಟ್ಟರೆ ಇಂಜಿನಿಯರಿಂಗಿನ ಬಾಗಿಲು ಮುಚ್ಚಿತು. "ಗಣಿತ ಕಷ್ಟ, ಹುಡುಗಿಗೆ ಯಾಕೆ" ಅಂತ ನೆಂಟರು ಹೇಳಬಹುದು. ಮಗಳಿಗೆ ಆಸೆ ಇದ್ದರೆ ಗಣಿತ ಬಿಡಿಸಬೇಡಿ.

ಸಿಇಟಿ ಅಂದರೇನು?

ಸಿಇಟಿ ಅಂದರೆ ಸಾಮಾನ್ಯ ಪ್ರವೇಶ ಪರೀಕ್ಷೆ. ನಮ್ಮ ರಾಜ್ಯದಲ್ಲಿ ಇದು 1994ರಿಂದ ನಡೆಯುತ್ತಿದೆ. ಈಗ ಇದನ್ನು ನಡೆಸುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ಜನ ಇದನ್ನು ಕೆಇಎ ಅಂತಾರೆ. ಇದು ಸರ್ಕಾರದ ಸಂಸ್ಥೆ. ಬೆಂಗಳೂರಿನಲ್ಲಿದೆ.

ಸಿಇಟಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರಕ್ಕೂ ಬೇರೆ ಬೇರೆ ಪರೀಕ್ಷೆ. ಒಂದೊಂದಕ್ಕೂ 60 ಪ್ರಶ್ನೆ, 60 ಅಂಕ. ಸಮಯ 80 ನಿಮಿಷ. ಪ್ರತಿ ಪ್ರಶ್ನೆಗೂ 4 ಉತ್ತರ ಕೊಟ್ಟಿರುತ್ತಾರೆ. ಸರಿಯಾದುದನ್ನು ಗುರುತು ಮಾಡಬೇಕು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಅದಕ್ಕೇ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು ಅಂತ ಮಗಳಿಗೆ ಹೇಳಿ.

ಸಿಇಟಿಯಲ್ಲಿ ಬಂದ ಅಂಕ ಒಂದೇ ಸಾಕಾ? ಸಾಲದು. ಪಿಯುಸಿ ಪರೀಕ್ಷೆಯ ಅಂಕವೂ ಸೇರುತ್ತದೆ. ಎರಡಕ್ಕೂ ಸಮಪಾಲು. ಒಂದು ಲೆಕ್ಕ ಮಾಡಿ ನೋಡೋಣ.

ಒಬ್ಬ ಹುಡುಗಿಗೆ ಪಿಯುಸಿಯ ಈ ಮೂರು ವಿಷಯದಲ್ಲಿ 300ಕ್ಕೆ 240 ಬಂತು ಅಂತ ಇಟ್ಟುಕೊಳ್ಳಿ. ಅಂದರೆ ನೂರಕ್ಕೆ 80. ಅದರಲ್ಲಿ ಅರ್ಧ 40.
ಸಿಇಟಿಯಲ್ಲಿ 180ಕ್ಕೆ 90 ಬಂತು. ಅಂದರೆ ನೂರಕ್ಕೆ 50. ಅದರಲ್ಲಿ ಅರ್ಧ 25.
40 ಮತ್ತು 25 ಕೂಡಿದರೆ 65.

ಹೀಗೆ ಎಲ್ಲ ಮಕ್ಕಳ ಲೆಕ್ಕ ಮಾಡುತ್ತಾರೆ. ಹೆಚ್ಚು ಬಂದವರಿಂದ ಕಡಿಮೆ ಬಂದವರವರೆಗೆ ಸಾಲಾಗಿ ನಿಲ್ಲಿಸುತ್ತಾರೆ. ಆ ಸಾಲಿನಲ್ಲಿ ನಮ್ಮ ಮಗಳು ಎಷ್ಟನೆಯವಳೋ ಅದೇ ಅವಳ ರ‍್ಯಾಂಕ್. ಪಿಯುಸಿ ಓದನ್ನು ಹಗುರ ಮಾಡಿ ಬರೀ ಸಿಇಟಿ ತರಬೇತಿಯ ಹಿಂದೆ ಓಡಿದರೆ ಅರ್ಧ ಅಂಕ ಕೈಬಿಟ್ಟ ಹಾಗೆ.

ಇನ್ನೊಂದು ಮಾತು. ಅರ್ಹತೆಗೆ ಪಿಯುಸಿಯ ಆ ಮೂರು ವಿಷಯದಲ್ಲಿ ಒಟ್ಟು ನೂರಕ್ಕೆ 45 ಅಂಕ ಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗದವರಿಗೆ 40 ಸಾಕು. ಪಿಯುಸಿಯಲ್ಲಿ ಒಂದು ಸಲ ಫೇಲಾದರೆ ಎಲ್ಲ ಮುಗಿಯಿತು ಅಂತ ಅಳಬೇಡಿ. ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪಿಯುಸಿ ಪರೀಕ್ಷೆ ನಡೆಸುತ್ತಾರೆ.

ಯಾವ ಕಾಗದ ಬೇಕು?

ಇದು ನಮ್ಮ ಕೆಲಸ. ಪರೀಕ್ಷೆ ಮಗಳು ಬರೆಯಲಿ. ಕಾಗದ ನಾವು ಕೂಡಿಸೋಣ. ಒಂದು ಚೀಲ ಮಾಡಿ. ಎಲ್ಲವನ್ನೂ ಅದರಲ್ಲೇ ಇಡಿ.

1. ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಪಿಯುಸಿ ಫಲಿತಾಂಶ ಬಂದ ಮೇಲೆ ಅದರ ಅಂಕಪಟ್ಟಿ.
2. ಆಧಾರ್ ಕಾರ್ಡು.
3. ಜಾತಿ ಮತ್ತು ಆದಾಯ ಪ್ರಮಾಣ ಪತ್ರ. ಇದನ್ನು ನಾಡಕಚೇರಿಯಲ್ಲಿ ಕೊಡುತ್ತಾರೆ. ಅದರ ಮೇಲೆ ಆರ್‌ಡಿ ಅಂತ ಶುರುವಾಗುವ ಒಂದು ಸಂಖ್ಯೆ ಇರುತ್ತದೆ. ಅರ್ಜಿಯಲ್ಲಿ ಆ ಸಂಖ್ಯೆ ಬರೆಯಬೇಕು. ಆದಾಯ ಪತ್ರಕ್ಕೆ ಅವಧಿ ಉಂಟು. ಮುಗಿದಿದೆಯಾ ನೋಡಿ.
4. ವ್ಯಾಸಂಗ ಪ್ರಮಾಣ ಪತ್ರ. ಯಾವ ವರ್ಷ ಯಾವ ಶಾಲೆಯಲ್ಲಿ ಓದಿದಳು ಅಂತ ಶಾಲೆಯವರು ಬರೆದು ಕೊಡುವ ಪತ್ರ. ಸಾಮಾನ್ಯವಾಗಿ ಕರ್ನಾಟಕದಲ್ಲಿ ಕನಿಷ್ಠ 7 ವರ್ಷ ಓದಿರಬೇಕು.
5. ಗ್ರಾಮೀಣ ಪ್ರಮಾಣ ಪತ್ರ. 1ರಿಂದ 10ನೇ ತರಗತಿವರೆಗೆ ಹಳ್ಳಿಯ ಶಾಲೆಯಲ್ಲಿ ಓದಿದವರಿಗೆ. ಅವರಿಗೆ ನೂರಕ್ಕೆ 15 ಸೀಟು ಮೀಸಲು.
6. ಕನ್ನಡ ಮಾಧ್ಯಮ ಪ್ರಮಾಣ ಪತ್ರ. 1ರಿಂದ 10ನೇ ತರಗತಿವರೆಗೆ ಕನ್ನಡದಲ್ಲಿ ಓದಿದವರಿಗೆ. ಅವರಿಗೆ ನೂರಕ್ಕೆ 5 ಸೀಟು ಮೀಸಲು.

ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಯವರಿಗೆ ಇನ್ನೊಂದು ಪತ್ರ ಇದೆ. ಅದು 371 ಜೆ ಪ್ರಮಾಣ ಪತ್ರ. ಇದನ್ನು ಉಪವಿಭಾಗಾಧಿಕಾರಿ ಕಚೇರಿಯಿಂದ ಕೊಡುತ್ತಾರೆ. ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಇದರಿಂದ ಬೇರೆ ಮೀಸಲಾತಿ ಸಿಗುತ್ತದೆ.

ನಮ್ಮ ಹಳ್ಳಿ ಶಾಲೆ, ನಮ್ಮ ಕನ್ನಡ ಶಾಲೆ ಅಂತ ನಾಚಬೇಡಿ. ನೋಡಿ, ಅದಕ್ಕೂ ಬೆಲೆ ಇದೆ. ಆದರೆ ಪತ್ರ ಇದ್ದರೆ ಮಾತ್ರ. ಇವುಗಳಿಗೆ ಮುಖ್ಯೋಪಾಧ್ಯಾಯರ ಸಹಿ ಬೇಕು. ಕ್ಷೇತ್ರ ಶಿಕ್ಷಣಾಧಿಕಾರಿಗಳ ಸಹಿಯೂ ಬೇಕು. ಒಂದೇ ದಿನದಲ್ಲಿ ಆಗುವ ಕೆಲಸ ಅಲ್ಲ. ಮೊದಲೇ ಹೋಗಿ.

ಈಗ ಎಲ್ಲ ಕಾಗದವನ್ನೂ ಚಾಪೆಯ ಮೇಲೆ ಹರಡಿ. ಮಗಳ ಹೆಸರು ಓದಿ. ಒಂದೊಂದು ಅಕ್ಷರವನ್ನೂ ಓದಿ. ಎಲ್ಲದರಲ್ಲೂ ಹೆಸರು ಒಂದೇ ಥರ ಇದೆಯಾ? ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು ಹೆಸರು ಇದ್ದರೆ ಮುಂದೆ ತೊಡಕು. ತಂದೆಯ ಹೆಸರು, ತಾಯಿಯ ಹೆಸರು, ಹುಟ್ಟಿದ ತಾರೀಖು ಕೂಡ ನೋಡಿ. ತಪ್ಪಿದ್ದರೆ ಈಗಲೇ ತಿದ್ದಿಸಿ. ಅಕ್ಷರ ಕಲಿತದ್ದಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗ ಏನಿದೆ?

ಅರ್ಜಿ ಹಾಕುವುದು ಹೇಗೆ?

ಸಿಇಟಿ ಅರ್ಜಿಯನ್ನು ಕೆಇಎಯ ಜಾಲತಾಣದಲ್ಲಿ ತುಂಬಬೇಕು. ಸಾಮಾನ್ಯವಾಗಿ ಜನವರಿ, ಫೆಬ್ರವರಿ ಹೊತ್ತಿಗೆ ಇದು ಶುರುವಾಗುತ್ತದೆ. ಮಾರ್ಚ್ ಹೊತ್ತಿಗೆ ಪಿಯುಸಿ ಪರೀಕ್ಷೆ. ಏಪ್ರಿಲ್ ಹೊತ್ತಿಗೆ ಸಿಇಟಿ. ಆ ವರ್ಷದ ಸರಿಯಾದ ತಾರೀಖನ್ನು ಕಾಲೇಜಿನಲ್ಲಿ ಕೇಳಿ. ಗೋಡೆಯ ಕ್ಯಾಲೆಂಡರಿನಲ್ಲಿ ಗುಂಡಗೆ ಗುರುತು ಹಾಕಿ.

ಮನೆಯಲ್ಲಿ ಕಂಪ್ಯೂಟರ್ ಇಲ್ಲವಾ? ಸೈಬರ್ ಅಂಗಡಿಯಲ್ಲಿ ತುಂಬಿಸಬಹುದು. ಆದರೆ ಮಗಳ ಜೊತೆ ಒಬ್ಬರು ಹೋಗಿ. ಈ ಮಾತು ನೆನಪಿಡಿ:

ಫೋನ್ ನಂಬರ್ ನಮ್ಮ ಮನೆಯದೇ ಇರಲಿ. ಅಂಗಡಿಯವರ ನಂಬರ್ ಬೇಡ. ಮುಂದೆ ಎಲ್ಲ ಸುದ್ದಿಯೂ ಆ ಫೋನಿಗೇ ಬರುತ್ತದೆ. ಸೀಟು ಹಂಚುವವರೆಗೆ ಆ ನಂಬರ್ ಬದಲಿಸಬೇಡಿ.

ಪಾಸ್‌ವರ್ಡ್ ಅಂದರೆ ಬೀಗದ ಕೈ ಇದ್ದ ಹಾಗೆ. ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಯಾರಿಗೂ ಕೊಡಬೇಡಿ.

ಜಾತಿ, ಗ್ರಾಮೀಣ, ಕನ್ನಡ ಮಾಧ್ಯಮ ಈ ಮೀಸಲಾತಿಗಳನ್ನು ಅರ್ಜಿಯಲ್ಲೇ ಕೇಳಬೇಕು. ಅಲ್ಲಿ ಬಿಟ್ಟರೆ ಆಮೇಲೆ ಸೇರಿಸುವುದು ಕಷ್ಟ.

ಶುಲ್ಕ ಕಟ್ಟಿದ ಮೇಲೆಯೇ ಅರ್ಜಿ ಪೂರ್ತಿಯಾಗುವುದು. ಕಟ್ಟಿ, ಅರ್ಜಿಯ ಪ್ರತಿ ತೆಗೆಸಿ. ಮನೆಗೆ ತಂದು ಇನ್ನೊಂದು ಸಲ ಓದಿ.

ಕಾಲೇಜು ಆರಿಸುವುದು

ರ‍್ಯಾಂಕ್ ಬಂದ ಮೇಲೆ ಕಾಗದ ಪರಿಶೀಲನೆ ಆಗುತ್ತದೆ. ಆಮೇಲೆ ಮಗಳು ಕಾಲೇಜುಗಳ ಪಟ್ಟಿ ಮಾಡಬೇಕು. ಯಾವ ಕಾಲೇಜು, ಯಾವ ಕೋರ್ಸು ಅಂತ ಒಂದರ ಕೆಳಗೆ ಒಂದು ಬರೆಯಬೇಕು. ಇದೂ ಕಂಪ್ಯೂಟರಿನಲ್ಲೇ.

ಇಲ್ಲಿ ಒಂದು ಗುಟ್ಟಿದೆ. ಕಂಪ್ಯೂಟರ್ ಪಟ್ಟಿಯನ್ನು ಮೇಲಿನಿಂದ ಓದುತ್ತದೆ. ಮೊದಲನೆಯದು ಸಿಗದಿದ್ದರೆ ಎರಡನೆಯದು. ಅದೂ ಸಿಗದಿದ್ದರೆ ಮೂರನೆಯದು. ಅದಕ್ಕೇ ತುಂಬ ಇಷ್ಟವಾದುದು ಮೇಲೆ ಇರಲಿ. ಅದು ಸಿಗುವುದಿಲ್ಲ ಅಂತ ಅನ್ನಿಸಿದರೂ ಮೇಲೇ ಬರೆಯಿರಿ. ಬರೆದದ್ದರಿಂದ ನಷ್ಟ ಇಲ್ಲ. ಆದರೆ ಖರ್ಚು ತಡೆಯದ ಕಾಲೇಜು ಪಟ್ಟಿಯಲ್ಲಿ ಬೇಡ.

ಕಂಪ್ಯೂಟರ್ ಸೈನ್ಸಿಗೆ ಬೇಡಿಕೆ ಬಹಳ. ಹೆಸರಾದ ಕಾಲೇಜುಗಳಲ್ಲಿ ಬಹು ಬೇಗ ಮುಗಿಯುತ್ತದೆ. ಹಾಗಾಗಿ ಪಟ್ಟಿ ಉದ್ದ ಇರಲಿ. ಸರ್ಕಾರಿ ಕಾಲೇಜುಗಳನ್ನು ಮರೆಯಬೇಡಿ. ಹಾಸನ, ರಾಮನಗರ, ಚಾಮರಾಜನಗರ, ಹಾವೇರಿ, ರಾಯಚೂರು, ಕಾರವಾರ, ಕುಶಾಲನಗರದಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜುಗಳಿವೆ. ಬೆಂಗಳೂರಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು 1917ರಲ್ಲಿ ಶುರು ಮಾಡಿಸಿದ ಕಾಲೇಜೂ ಇದೆ. ಅದನ್ನು ಯುವಿಸಿಇ ಅಂತಾರೆ.

ಮೊದಲು ಒಂದು ಅಣಕು ಹಂಚಿಕೆ ಮಾಡುತ್ತಾರೆ. ಅದು ನಿಜವಾದ ಸೀಟಲ್ಲ. ಹೀಗೆ ಸಿಗಬಹುದು ಅಂತ ತೋರಿಸುವುದು ಅಷ್ಟೆ. ಅದನ್ನು ನೋಡಿ ಪಟ್ಟಿಯನ್ನು ಬದಲಿಸಬಹುದು. ಆಮೇಲೆ ನಿಜವಾದ ಹಂಚಿಕೆ. ಸೀಟು ಬಂದರೆ 4 ಉತ್ತರಗಳಲ್ಲಿ ಒಂದನ್ನು ಹೇಳಬೇಕು:

ಒಂದು, ಈ ಸೀಟು ಸಾಕು, ಸೇರುತ್ತೇನೆ.
ಎರಡು, ಇದು ಇರಲಿ, ಮುಂದಿನ ಸುತ್ತಿನಲ್ಲಿ ಇನ್ನೂ ಒಳ್ಳೆಯದು ಸಿಕ್ಕರೆ ಅದನ್ನು ಕೊಡಿ.
ಮೂರು, ಇದು ಬೇಡ, ಮುಂದಿನ ಸುತ್ತಿಗೆ ಬರುತ್ತೇನೆ.
ನಾಲ್ಕು, ಏನೂ ಬೇಡ, ಹೊರಗೆ ಹೋಗುತ್ತೇನೆ.

ಮೂರನೆಯದನ್ನು ಹೇಳಿದರೆ ಕೈಯಲ್ಲಿದ್ದ ಸೀಟು ಹೋಗುತ್ತದೆ. ಯೋಚಿಸಿ ಹೇಳಿ. ಉತ್ತರ ಹೇಳುವುದಕ್ಕೂ, ಶುಲ್ಕ ಕಟ್ಟುವುದಕ್ಕೂ, ಕಾಲೇಜಿಗೆ ಸೇರುವುದಕ್ಕೂ ಕೊನೆಯ ತಾರೀಖು ಇದೆ. ದಾಟಿದರೆ ಸೀಟು ಹೋಯಿತು.

ದುಡ್ಡಿಗೆ ಏನು ಮಾಡುವುದು?

ಇದು ಎಲ್ಲರ ಮನಸ್ಸಿನಲ್ಲಿರುವ ಪ್ರಶ್ನೆ. ಓದು 4 ವರ್ಷ. ಖರ್ಚು ಇದೆ. ಸುಳ್ಳು ಹೇಳುವುದು ಬೇಡ.

ಸರ್ಕಾರಿ ಕಾಲೇಜಿನಲ್ಲಿ ಶುಲ್ಕ ಕಡಿಮೆ. ಖಾಸಗಿ ಕಾಲೇಜಿನಲ್ಲೂ ಸಿಇಟಿ ಮೂಲಕ ಸಿಗುವ ಸೀಟುಗಳಿವೆ. ಅದಕ್ಕೆ ಸ್ವಲ್ಪ ಹೆಚ್ಚು. ಆಡಳಿತ ಮಂಡಳಿಯ ಸೀಟಿಗೆ ಲಕ್ಷಗಟ್ಟಲೆ. ಹಾಗಾಗಿ ಸಿಇಟಿ ಸೀಟೇ ನಮ್ಮಂಥವರ ದಾರಿ.

ಮನೆಯ ಆದಾಯ ವರ್ಷಕ್ಕೆ 8 ಲಕ್ಷಕ್ಕಿಂತ ಕಡಿಮೆ ಇದ್ದವರಿಗೆ ಕೆಲವು ಹೆಚ್ಚುವರಿ ಸೀಟು ಇಟ್ಟಿದ್ದಾರೆ. ಅದಕ್ಕೆ ಎಸ್‌ಎನ್‌ಕ್ಯೂ ಅಂತಾರೆ. ಅಲ್ಲಿ ಬೋಧನಾ ಶುಲ್ಕ ಇಲ್ಲ. ಬೇರೆ ಸಣ್ಣಪುಟ್ಟ ಶುಲ್ಕ ಇರುತ್ತದೆ. ಇದಕ್ಕೂ ಆದಾಯ ಪತ್ರ ಬೇಕು.

ಹೆಣ್ಣುಮಕ್ಕಳಿಗೇ ಅಂತ ಪ್ರಗತಿ ಎಂಬ ವಿದ್ಯಾರ್ಥಿವೇತನ ಇದೆ. ಇದು ಕೇಂದ್ರದ ಎಐಸಿಟಿಇ ಸಂಸ್ಥೆಯದು. ಆಯ್ಕೆಯಾದರೆ ವರ್ಷಕ್ಕೆ 50 ಸಾವಿರ ರೂಪಾಯಿ. ಒಂದು ಮನೆಯ ಇಬ್ಬರು ಹೆಣ್ಣುಮಕ್ಕಳವರೆಗೆ ಕೊಡುತ್ತಾರೆ. ಇಲ್ಲೂ ಆದಾಯ 8 ಲಕ್ಷದ ಒಳಗಿರಬೇಕು. ಕಾಲೇಜು ಸೇರಿದ ಮೇಲೆ ಅರ್ಜಿ ಹಾಕಬೇಕು.

ರಾಜ್ಯ ಸರ್ಕಾರದ ವಿದ್ಯಾರ್ಥಿವೇತನವೂ ಇದೆ. ಸಮಾಜ ಕಲ್ಯಾಣ ಇಲಾಖೆ, ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳು ಹಾಸ್ಟೆಲ್ ನಡೆಸುತ್ತವೆ. ಊಟ, ವಸತಿ ಅಲ್ಲೇ. ಬ್ಯಾಂಕಿನಲ್ಲಿ ವಿದ್ಯಾಭ್ಯಾಸ ಸಾಲ ಕೇಳಬಹುದು. 4 ಲಕ್ಷ ರೂಪಾಯಿವರೆಗೆ ಮನೆ, ಹೊಲ ಅಡವಿಡಬೇಕಿಲ್ಲ. ಆದರೆ ಸಾಲ ಸಾಲವೇ. ಬಡ್ಡಿ ಎಷ್ಟು, ತೀರಿಸುವುದು ಯಾವಾಗಿಂದ ಅಂತ ಕೇಳಿ, ಓದಿ, ಆಮೇಲೆ ಸಹಿ ಮಾಡಿ.

ಮಧ್ಯವರ್ತಿಗಳ ಬಗ್ಗೆ ಎಚ್ಚರ. "ನಿಮ್ಮ ಮಗಳಿಗೆ ಸಿಇಟಿ ಸೀಟು ಕೊಡಿಸ್ತೀನಿ, ಐವತ್ತು ಸಾವಿರ ಕೊಡಿ" ಅಂತ ಬರುತ್ತಾರೆ. ಸಿಇಟಿ ಸೀಟನ್ನು ಯಾರೂ ಕೊಡಿಸಲು ಆಗುವುದಿಲ್ಲ. ಅದು ರ‍್ಯಾಂಕಿನ ಮೇಲೆ ಬರುತ್ತದೆ. ಕಾಲೇಜಿನವರು ಶುಲ್ಕ ಬಿಟ್ಟು ಬೇರೆ ವಂತಿಗೆ ಕೇಳುವುದನ್ನು ನಮ್ಮ ರಾಜ್ಯದಲ್ಲಿ 1984ರ ಕಾನೂನು ನಿಷೇಧಿಸಿದೆ. ರಸೀದಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಮೂಲ ಅಂಕಪಟ್ಟಿಯನ್ನು ಮಧ್ಯವರ್ತಿಯ ಕೈಗೆ ಕೊಡಬೇಡಿ.

ಸೀಟು ಸಿಗದಿದ್ದರೆ?

ಊರಿಗೆ ಹೋಗಲು ಒಂದೇ ದಾರಿ ಇರುವುದಿಲ್ಲ. ಬಳಸು ದಾರಿಯೂ ಇರುತ್ತದೆ.

ಬಿಸಿಎ ಅಂತ ಒಂದು ಪದವಿ ಇದೆ. ಇದೂ ಕಂಪ್ಯೂಟರಿನ ಓದೇ. ಪಿಯುಸಿ ಆದ ಮೇಲೆ 3 ವರ್ಷ. ಸರ್ಕಾರಿ ಪದವಿ ಕಾಲೇಜುಗಳಲ್ಲೂ ಇದೆ. ಖರ್ಚು ಕಡಿಮೆ. ಬಹಳ ಕಡೆ ವಾಣಿಜ್ಯ ಓದಿದವರನ್ನೂ ಸೇರಿಸಿಕೊಳ್ಳುತ್ತಾರೆ. ಇದಾದ ಮೇಲೆ ಎಂಸಿಎ ಓದಬಹುದು.

ಇನ್ನೊಂದು ದಾರಿ ಡಿಪ್ಲೊಮಾ. ಎಸ್ಸೆಸ್ಸೆಲ್ಸಿ ಆದ ಕೂಡಲೇ ಪಾಲಿಟೆಕ್ನಿಕ್ ಸೇರಿ 3 ವರ್ಷ ಓದುವುದು. ಆಮೇಲೆ ಡಿಸಿಇಟಿ ಎಂಬ ಪರೀಕ್ಷೆ ಬರೆದರೆ ಇಂಜಿನಿಯರಿಂಗಿನ ಎರಡನೇ ವರ್ಷಕ್ಕೇ ಸೇರಬಹುದು. ಹೆಣ್ಣುಮಕ್ಕಳಿಗೇ ಇರುವ ಪಾಲಿಟೆಕ್ನಿಕ್‌ಗಳೂ ಇವೆ.

ಒಂದು ನಿಜ ಹೇಳಬೇಕು. ಸೀಟು ಸಿಕ್ಕಿತು ಅಂದರೆ ಕೆಲಸ ಸಿಕ್ಕಿತು ಅಂತ ಅಲ್ಲ. ಕನ್ನಡದಲ್ಲಿ ಓದಿದ ಮಗುವಿಗೆ ಮೊದಲ ವರ್ಷ ಇಂಗ್ಲಿಷ್ ಪುಸ್ತಕ ಕಷ್ಟ ಆಗಬಹುದು. ಆಗ ಮಗಳು ಫೋನಿನಲ್ಲಿ ಅಳಬಹುದು. "ಬಂದುಬಿಡು" ಅನ್ನಬೇಡಿ. "ನಾನು ಈ ವಯಸ್ಸಿನಲ್ಲಿ ಅ ಆ ಕಲಿತೆ, ನೀನು ಇಂಗ್ಲಿಷ್ ಕಲಿಯಲಾರೆಯಾ?" ಅನ್ನಿ.

ಮದುವೆಯ ಮಾತು

ಪಿಯುಸಿ ಮುಗಿಯುವ ಹೊತ್ತಿಗೇ ಗಂಡಿನ ಕಡೆಯವರು ಬರುತ್ತಾರೆ. "ಒಳ್ಳೆ ಸಂಬಂಧ, ಬಿಟ್ಟರೆ ಸಿಗಲ್ಲ" ಅಂತಾರೆ. 18 ತುಂಬುವ ಮೊದಲು ಮದುವೆ ಮಾಡುವುದು ಅಪರಾಧ. ತುಂಬಿದ ಮೇಲೂ ಅವಸರ ಯಾಕೆ? ಮದುವೆ ಒಂದೆರಡು ವರ್ಷ ತಡವಾದರೂ ಆಗುತ್ತದೆ. ಸೀಟಿನ ತಾರೀಖು ದಾಟಿದರೆ ಆ ವರ್ಷ ಹೋದ ಹಾಗೆಯೇ.

ಮಗನ ಓದಿಗೆ ಸಾಲ ಮಾಡುತ್ತೇವೆ. ಮಗಳ ಮದುವೆಗೂ ಸಾಲ ಮಾಡುತ್ತೇವೆ. ಮಗಳ ಓದಿಗೆ ಮಾತ್ರ ಲೆಕ್ಕ ಹಾಕುತ್ತೇವೆ. ಇದು ಸರಿಯಾ? ಮನೆಯಲ್ಲಿ ಈ ಮಾತನ್ನು ಎತ್ತೋಣ. ಗಂಡನ ಜೊತೆ, ಅತ್ತೆಯ ಜೊತೆ ಕೂತು ಮಾತಾಡೋಣ. ಕೈಯಲ್ಲಿ ಕಾಗದದ ಚೀಲ ಇರಲಿ. ಬಾಯಲ್ಲಿ ಲೆಕ್ಕ ಇರಲಿ. ಆಗ ನಮ್ಮ ಮಾತಿಗೂ ತೂಕ ಬರುತ್ತದೆ.

ಓದಿ, ಉತ್ತರ ಹೇಳಿ

1. ಇಂಜಿನಿಯರಿಂಗ್ ಓದಬೇಕಾದರೆ ಪಿಯುಸಿಯಲ್ಲಿ ಯಾವ ಎರಡು ವಿಷಯ ಇರಲೇಬೇಕು?
2. ಪಿಯುಸಿಯಲ್ಲಿ 300ಕ್ಕೆ 210, ಸಿಇಟಿಯಲ್ಲಿ 180ಕ್ಕೆ 108 ಬಂದರೆ ಒಟ್ಟು ಎಷ್ಟು? ಲೆಕ್ಕ ಮಾಡಿ.
3. ಆರ್‌ಡಿ ಸಂಖ್ಯೆ ಯಾವ ಪತ್ರದ ಮೇಲೆ ಇರುತ್ತದೆ?
4. ನಿಮ್ಮ ಮನೆಯ ಮಕ್ಕಳ ಅಂಕಪಟ್ಟಿ ಮತ್ತು ಆಧಾರ್ ಕಾರ್ಡು ತೆಗೆಯಿರಿ. ಎರಡರಲ್ಲೂ ಹೆಸರು ಒಂದೇ ಥರ ಇದೆಯಾ?